ಕೇಳುಗನು ಏಳುವ ತನಕ

ಗೋರೆಗಾಂವ್ ಪೂರ್ವದಲ್ಲಿ ಒಂದು ಮದುವೆ ಹಾಲ್ ಇದೆ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ: ಉನ್ನತ ವ್ಯಾಸಂಗ ಸಾಲಮಿತಿ ಮಂಡಳಿ. ಯಾವ ಕೋರ್ಸಿಗೆ ಸರ್ಕಾರದ ಸಾಲ ಹೆಚ್ಚೆಂದರೆ ಎಷ್ಟು ಎಂಬುದು ಅಲ್ಲಿ ನಿಶ್ಚಯವಾಗುತ್ತದೆ. ಕೆಳಗೆ ಅಕ್ಷತೆ ಬೀಳುತ್ತಿರುವಾಗ ಮೇಲೆ ಎಂಬಿಎಗೆ ಮಿತಿ ಬೀಳುತ್ತದೆ. ನಾನು ಅಲ್ಲಿ ಕೇಳುಗ. ಅದು ಹುದ್ದೆಯ ಹೆಸರು. ಸಂಬಳದ ಚೀಟಿಯಲ್ಲೂ ಹಾಗೇ ಇದೆ.

ಹಿಂದೆ ಸಮಿತಿಯವರು ಪಠ್ಯಕ್ರಮ ತೆರೆದೂ ನೋಡದೆ ಮಿತಿ ಹಾಕುತ್ತಿದ್ದರಂತೆ. ಯಾರೋ ಪತ್ರಿಕೆಗೆ ಬರೆದರು. ಆಗ ಆದೇಶ ಬಂತು: ಪ್ರತಿ ಕೋರ್ಸಿನ ಪಠ್ಯಕ್ರಮವನ್ನು ಸಮಿತಿಯ ಮುಂದೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದತಕ್ಕದ್ದು. ಓದಿಸಿದರು. ಆದರೆ ಸದಸ್ಯರು ನಡುನಡುವೆ ಫೋನು ಹಿಡಿದು ಹೊರಗೆ ಹೋಗುವವರು, ಒಳಗಿದ್ದವರು ತೂಕಡಿಸುವವರು. ಒಬ್ಬನಾದರೂ ಪೂರ್ತಿ ಕೇಳಿರಬೇಕಲ್ಲ ಎಂದು ನನ್ನ ಹುದ್ದೆ ಹುಟ್ಟಿತು. ಓದು ಮುಗಿದಾಗ ಕೇಳುಗ ಎದ್ದು ನಿಲ್ಲಬೇಕು, 'ಪೂರ್ತಿ ಕೇಳಿದ್ದೇನೆ' ಎಂದು ಸಹಿ ಹಾಕಬೇಕು. ಅವನು ಏಳುವ ತನಕ ಓದು ನಡೆದೇ ಇದೆ ಎಂದು ಅರ್ಥ, ಸಭೆ ಮುಗಿಸುವಂತಿಲ್ಲ.

ಮಿತಿಯ ವಿಷಯ ಹೀಗೆ. ಫೀಸು ನೋಡಿ ಮಿತಿ ಹಾಕಿದರೆ ಕಾಲೇಜಿನವರು ಫೀಸು ಏರಿಸುತ್ತಾರೆ. ಆದ್ದರಿಂದ ಫೀಸು ನೋಡುವುದನ್ನೇ ಬಿಟ್ಟು, ಓದಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವ ಪದ್ಧತಿ ಬಂತು. ದೊಡ್ಡ ವಿದ್ಯೆ ಉದ್ದವೂ ಇರುತ್ತದೆ ಎಂಬುದು ಅದರ ಹಿಂದಿನ ತರ್ಕ. ಹೊತ್ತು ಅಳೆಯುವುದರಲ್ಲಿ ಸದಸ್ಯರಿಗೆ ಒಮ್ಮತವಿರಲಿಲ್ಲ, ಒಬ್ಬೊಬ್ಬರ ಕೈಗಡಿಯಾರ ಒಂದೊಂದು ಹೇಳುತ್ತಿತ್ತು. ಚಹಾ ಮಾತ್ರ ಎಲ್ಲರಿಗೂ ಒಂದೇ ಸಲ ಬರುತ್ತಿತ್ತು. ಹಾಗಾಗಿ ಗೋಡೆಯ ಮೇಲೆ ಬರೆಸಿದ್ದಾರೆ: ಬೆಳಗಿನ ಚಹಾದ ಮೊದಲೇ ಮುಗಿದ ಕೋರ್ಸಿಗೆ ಎರಡು ಲಕ್ಷ, ಚಹಾ ದಾಟಿದರೆ ನಾಲ್ಕು, ಊಟ ದಾಟಿದರೆ ಏಳು, ಸಂಜೆಯ ಚಹಾ ದಾಟಿದರೆ ಹತ್ತು. ಚಹಾದ ಕೆಟಲಿ ಹೊಸ್ತಿಲು ದಾಟಿ ಒಳಗೆ ಬಂದ ಗಳಿಗೆಗೆ ಓದುಗ ಅಮೋಲ್ ದಫ್ತರದಲ್ಲಿ ಕೆಂಪು ಗೆರೆ ಎಳೆಯುತ್ತಾನೆ.

ಕಾಲೇಜಿನವರು ಇದನ್ನೂ ಅರ್ಥಮಾಡಿಕೊಂಡರು. ಸಮಾರಂಭ ನಿರ್ವಹಣೆಯ ಒಂದು ಕೋರ್ಸಿನವರು ಕುರ್ಚಿಯ ಚರಿತ್ರೆ ಎಂಬ ಘಟಕ ಸೇರಿಸಿ ಹತ್ತಕ್ಕೆ ಏರಿದರು. ಹಸುಗೂಸುಗಳ ಶುಶ್ರೂಷೆಯ ಕೋರ್ಸಿನವರು ಬೇಕಾದ್ದಷ್ಟನ್ನೇ ಬರೆದು ನಾಲ್ಕಕ್ಕೆ ನಿಂತಿದ್ದಾರೆ.

ನನಗೆ ಈ ಕೆಲಸ ಸಿಕ್ಕಿದ್ದು ಸುಲಭವಾಗಿ. ಸಂದರ್ಶನದಲ್ಲಿ ಅಧ್ಯಕ್ಷೆ ವಂದನಾ ಮ್ಯಾಡಂ ಕಚೇರಿಯ ಕಷ್ಟಗಳನ್ನು ಹೇಳತೊಡಗಿದರು. ನಾನು ಕೇಳುತ್ತ ಕೂತೆ. ಅವರು ಹೇಳಿ ಮುಗಿಸುವ ಹೊತ್ತಿಗೆ ಉಳಿದ ಅಭ್ಯರ್ಥಿಗಳು ಮನೆಗೆ ಹೋಗಿದ್ದರು.

ಕೇಳುವುದು ನನಗೆ ಅಜ್ಜಿಯಿಂದ ಬಂದದ್ದು. ಧಾರವಾಡದ ಕಡೆಯ ನಮ್ಮ ಊರಿನ ಮಠದಲ್ಲಿ ಸಂಜೆಯ ಹೊತ್ತು ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಹಾಡುವರು, ಒಬ್ಬರು ಅರ್ಥ ಹೇಳುವರು. ಅಂಬವ್ವಜ್ಜಿ ನನ್ನನ್ನು ಮೊಣಕಾಲಿನ ಪಕ್ಕ ಕೂರಿಸಿಕೊಂಡು, ನಡುವೆ ಮಾತಾಡಿದರೆ ಚಿವುಟುತ್ತಿದ್ದಳು. ಏಳಲು ಹೋದರೆ ಹೇಳುತ್ತಿದ್ದಳು: "ಮಂಗಳ ಹಾಡೂತನಕ ಏಳಬಾರದೋ ತಮ್ಮಾ. ಕಥಿಯೊಳಗಿನ ಮಂದಿ ಅಡವ್ಯಾಗ ಇದ್ದರ ಅಡವ್ಯಾಗ ಉಳೀತಾರ, ಹೊಳ್ಯಾಗ ಇದ್ದರ ಹೊಳ್ಯಾಗ ಉಳೀತಾರ. ಅವರನ್ನ ಮನೀ ಮುಟ್ಟಿಸಿ ಏಳು." ಮಂಗಳಾರತಿಯ ಪದ ಮುಗಿದು, ಎಲ್ಲರೂ ಕೈಯನ್ನು ಕಣ್ಣಿಗೆ ಒತ್ತಿಕೊಂಡ ಮೇಲೆಯೇ ನಾವು ಏಳುತ್ತಿದ್ದದ್ದು.

ಕಚೇರಿಯಲ್ಲೂ ನಾನು ಹಾಗೇ ಕೂರುತ್ತೇನೆ. ಮುಖ ತೊಳೆದು, ಹಣೆಗೆ ಬೂದಿ ಹಚ್ಚಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು. ಓದು ಯಾವುದಾದರೇನು. ಹೋಟೆಲ್ ನಿರ್ವಹಣೆಯಲ್ಲಿ ಸಾರುಗಳ ವರ್ಗೀಕರಣ ಬಂದಾಗ ನಾನು ಕಣ್ಣು ಮುಚ್ಚಿ ತಲೆದೂಗಿದ್ದೇನೆ. ಪ್ರತಿ ಪಠ್ಯಕ್ರಮದ ಕೊನೆಗೆ ಪರಾಮರ್ಶನ ಗ್ರಂಥಗಳ ಪಟ್ಟಿ ಇರುತ್ತದೆ, ಬರೆದವರ ಹೆಸರುಗಳು ಸಾಲಾಗಿ ಬರುತ್ತವೆ. ಅದು ಮಂಗಳ. ಕೊನೆಯ ಹೆಸರು ಬಿದ್ದಾಗ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಏಳುತ್ತೇನೆ. ನಾನು ಎದ್ದೆನೆಂದರೆ ಮುಗಿಯಿತೆಂದು ಸಮಿತಿಯವರೂ ಏಳುತ್ತಾರೆ. ಯಾರೂ ಯಾವತ್ತೂ ತಕರಾರು ತೆಗೆದಿರಲಿಲ್ಲ.

ಬಷೀರಾ ಎಂಬ ಹುಡುಗಿಯ ಕೋರ್ಸಿನ ದಿನ ಅವಳು, ಅವಳ ತಂದೆ ಕರೀಮಸಾಬ ಇಬ್ಬರೂ ಬೇಗ ಬಂದಿದ್ದರು. ಬೈಕುಲ್ಲಾದಲ್ಲಿ ಕರೀಮಸಾಬರ ವೆಲ್ಡಿಂಗ್ ಅಂಗಡಿ. ಕಿಟಕಿಯ ಗ್ರಿಲ್, ಗೇಟು. ಅವಳು ಡಿಪ್ಲೊಮಾ ಮುಗಿಸಿ ಅಲ್ಲೇ ಕೈ ಪಳಗಿಸಿಕೊಂಡವಳು. ಈಗ ನೀರಿನಡಿಯ ಬೆಸುಗೆ ಎಂಬ ಕೋರ್ಸಿಗೆ ಸೀಟು ಸಿಕ್ಕಿತ್ತು. ಸಮುದ್ರದ ತಳದಲ್ಲಿ ಪೈಪು, ಹಡಗಿನ ಹೊಟ್ಟೆ, ಸೇತುವೆಯ ಕಾಲು ಇವನ್ನು ಮುಳುಗಿ ಬೆಸೆಯುವ ವಿದ್ಯೆ. ಫೀಸು ಒಂಬತ್ತು ಲಕ್ಷ. ಶನಿವಾರದೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ.

ನನ್ನ ಹಣೆ ನೋಡಿ ಕರೀಮಸಾಬರು ಕನ್ನಡದಲ್ಲೇ ಮಾತು ತೆಗೆದರು. "ಯಾವೂರ್ರೀ ಅಣ್ಣಾರ?"

"ಧಾರವಾಡದ ಕಡೆಯವ್ರಿ. ಅಣವೀರಪ್ಪ ಅಂತ."

"ನಾವು ಇಂಡಿ ಕಡಿಯವ್ರು. ನಮ್ಮೂರ ಮಠದಾಗ ನಾನೂ ಪುರಾಣಕ್ಕ ಕುಂಡ್ರತಿದ್ದೆ. ಮೊಹರಮ್ಮಿಗೆ ನಮ್ಮ ಪದಕ್ಕ ಸ್ವಾಮಿಗಳೂ ಬರತಿದ್ರು." ನಂತರ ದನಿ ಇಳಿಸಿದರು. "ಹುಡಗೀ ಕೆಲಸ ಆಗತದೇನ್ರಿ?"

ಅಮೋಲ್ ಫೈಲು ತೆರೆದು ನೋಡುತ್ತಿದ್ದ. "ಬಸ್, ಇಷ್ಟೇನಾ?" ಎಂದ. ಅರ್ಧ ಪುಟವಿತ್ತು. "ತಾಯಿ, ಇದು ಚಹಾ ಕುದಿಯೋದ್ರಲ್ಲಿ ಮುಗಿಯತ್ತೆ. ಎರಡು ಲಕ್ಷ. ನಿಮ್ಮ ಸರ್ ಯಾರು, ಟೆಲಿಗ್ರಾಂ ಆಫೀಸ್‌ನಲ್ಲಿದ್ರಾ?"

"ಕ್ಯಾಪ್ಟನ್ ಸರ್," ಎಂದಳು ಬಷೀರಾ. "ನೇವಿ ಡೈವರ್ ಇದ್ರು. ಜ್ಯಾದಾ ಮಾತಾಡಲ್ಲ. ಪಾನಿ ಕೆ ನೀಚೆ ಮಾತು ಎಲ್ಲಿರತ್ತೆ ಅಂತಾರೆ."

"ಮೇಲೆ ಬಂದಾಗಾದ್ರೂ ಒಂದೆರಡು ಪುಟ ಬರೀಬಹುದಿತ್ತಲ್ಲ."

ಬಷೀರಾ ಫೋನು ತೆಗೆದು ಕ್ಯಾಪ್ಟನ್‌ಗೆ ಏನೋ ಬರೆದಳು. ಅಷ್ಟರಲ್ಲಿ ವಂದನಾ ಮ್ಯಾಡಂ ಬಂದರು, ಅವರ ಹಿಂದೆ ಹಣಕಾಸಿನ ಸದಸ್ಯರು, ಅವರ ಹಿಂದೆ ವ್ಯಾಸಂಗದ ಸದಸ್ಯರು. ಸೀಟು ಸಿಕ್ಕವರು, ಅವರ ಮನೆಯವರು ಹಿಂದಿನ ಬೆಂಚಿನಲ್ಲಿ ಕೂರಬಹುದು, ಮಾತಾಡುವಂತಿಲ್ಲ. ಇಬ್ಬರೂ ಕೂತರು. ನಾನು ನನ್ನ ಕುರ್ಚಿಯಲ್ಲಿ ಕೈಮುಗಿದು ಕೂತೆ.

ಅಮೋಲ್ ನಿಂತು ಓದಿದ.

"ನೀರಿನಡಿಯ ಬೆಸುಗೆ. ಘಟಕ ಒಂದು: ಇಳಿಯುವುದು. ಘಟಕ ಎರಡು: ನೋಡುವುದು, ಕಾಣದಿದ್ದರೆ ಮುಟ್ಟುವುದು. ಘಟಕ ಮೂರು: ಬೆಸೆಯುವುದು. ಘಟಕ ನಾಲ್ಕು: ಏರುವಾಗ ನಡುನೀರಿನಲ್ಲಿ ನಿಂತು ಕಾಯುವುದು."

ಫೈಲು ಮುಚ್ಚಿದ.

ಚೆನ್ನಾಗಿತ್ತು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೂರ ಯಾವ ಪಠ್ಯಕ್ರಮವೂ ನನ್ನನ್ನು ಒಯ್ದಿರಲಿಲ್ಲ. ನನ್ನ ಸುತ್ತ ಹಸಿರು ಕತ್ತಲೆಯಿತ್ತು. ಕೆಲಸ ಮುಗಿಸಿದ ಒಂದು ಜೀವ, ಒಮ್ಮೆಗೇ ಮೇಲೆ ಬಂದರೆ ಮೈಗೆ ಕೇಡೆಂದು, ನಡುನೀರಿನಲ್ಲಿ ಹಗ್ಗ ಹಿಡಿದು ನಿಂತಿತ್ತು. ನಾನು ಮುಂದಿನದಕ್ಕೆ ಕಾದೆ. ಮುಂದೆ ಬರಲಿಲ್ಲ. ಗ್ರಂಥಗಳ ಪಟ್ಟಿಯೂ ಬರಲಿಲ್ಲ. ನೀರಿನೊಳಗೆ ಪುಸ್ತಕ ಎಲ್ಲಿಂದ ಬರಬೇಕು?

ವಂದನಾ ಮ್ಯಾಡಂ ಪರ್ಸು ಹೆಗಲಿಗೆ ಹಾಕಿ ಎದ್ದರು. ನಾನು ಏಳದ್ದು ನೋಡಿ ಮತ್ತೆ ಕೂತರು. "ಅಣವೀರಪ್ಪಾಜಿ," ಎಂದರು ಹಿಂದಿಯಲ್ಲಿ, "ಮುಗೀತು."

ನಡುವೆ ಮಾತಾಡಬಾರದು. ನಾನು ಬೆರಳಿನಿಂದ ಕೆಳಗೆ ತೋರಿಸಿದೆ, ನಡುನೀರಿನವಳು ಇನ್ನೂ ಅಲ್ಲೇ ಇದ್ದಾಳೆ ಎಂದು. ಹಣಕಾಸಿನ ಸದಸ್ಯರು ಬಗ್ಗಿ ಮೇಜಿನಡಿ ನೋಡಿದರು. "ಏನೂ ಇಲ್ಲ. ಒಂದು ಪೆನ್ನಿನ ಮುಚ್ಚಳ ಇದೆ," ಎಂದು ಅದನ್ನು ಎತ್ತಿ ನನ್ನ ಮುಂದೆ ಇಟ್ಟರು. ನಾನು ಏಳಲಿಲ್ಲ.

ಆಗ ಗುರುಬಾಯಿ ಚಹಾ ತಂದಳು. ಬೆಳಗಾವಿಯ ಹೆಂಗಸು, ಕಚೇರಿಯ ಕ್ಯಾಂಟೀನು ಅವಳದೇ. ಕೆಟಲಿ ಹೊಸ್ತಿಲು ದಾಟಿತು. ಅಮೋಲ್ ಅಭ್ಯಾಸಬಲದಿಂದ ಕೆಂಪು ಗೆರೆ ಎಳೆದು, ಆಮೇಲೆ ತಾನೇನು ಮಾಡಿದೆನೆಂದು ಗೆರೆಯನ್ನೇ ನೋಡುತ್ತ ನಿಂತ. ಅರ್ಧ ಪುಟದ ಕೋರ್ಸು ನಾಲ್ಕು ಲಕ್ಷಕ್ಕೆ ಏರಿತ್ತು.

"ಏನಾಗೇದರಿ ಇವರಿಗೆ?" ಎಂದಳು ಗುರುಬಾಯಿ.

"ಕೇಳ್ತಾ ಇದ್ದಾರೆ," ಎಂದ ಅಮೋಲ್.

"ಯಾರೂ ಮಾತಾಡವಲ್ರು, ಏನ ಕೇಳತಾರ?"

"ಅದೇ ಗೊತ್ತಾಗ್ತಿಲ್ಲ."

ಮ್ಯಾಡಂ ಸರ್ಕಾರದ ಮಂತ್ರಾಲಯಕ್ಕೆ ಫೋನು ಮಾಡಿದರು. ಅಲ್ಲಿಯವರು ಬಹಳ ಹೊತ್ತು ಯಾರನ್ನೋ ಕೇಳಿ ಬಂದು ಹೇಳಿದರು: ಓದಿನ ನಡುವೆ ಕೇಳುಗನನ್ನು ಮುಟ್ಟಿ ಎಬ್ಬಿಸಿದರೆ ಓದು ಅಸಿಂಧು, ಮರುದಿನ ಮೊದಲಿನಿಂದ ಓದತಕ್ಕದ್ದು. ಮರುದಿನ ಮತ್ತೆ ಇವನೇ ಕೂರುವವನಲ್ಲವೇ ಎಂದು ಮ್ಯಾಡಂ ಕೇಳಿದರು. ಹೌದು ಎಂದರು.

ಅಮೋಲ್ ಮತ್ತೊಮ್ಮೆ ಓದಿದ. ಕಾಯುವುದು ಎಂಬಲ್ಲಿಗೆ ಬಂದು ಮತ್ತೆ ನಿಂತಿತು. ಕಡಿಮೆ ಬಿತ್ತೇನೋ ಎಂದು, ಬೆಂಕಿ ಬಿದ್ದಾಗ ಮೆಟ್ಟಿಲಲ್ಲಿ ಇಳಿಯುವ ಸೂಚನೆ ಗೋಡೆಯ ಮೇಲಿತ್ತು, ಅದನ್ನೂ ಓದಿದ. ಕೊನೆಗೆ ಹೋಟೆಲ್ ನಿರ್ವಹಣೆಯ ಫೈಲು ತಂದು ಅದರ ಗ್ರಂಥಗಳ ಪಟ್ಟಿ ಓದತೊಡಗಿದ. ನನ್ನ ಕೈ ಕಣ್ಣಿನತ್ತ ಹೊರಟಿತು. ಎಲ್ಲರೂ ಉಸಿರು ಬಿಗಿಹಿಡಿದರು. ಆದರೆ ಅದು ಸಾರಿನವರ ಮಂಗಳ. ಅವರನ್ನೆಲ್ಲ ನಾನು ಕಳೆದ ತಿಂಗಳೇ ಮನೆ ಮುಟ್ಟಿಸಿದ್ದೆ. ಕೈ ಇಳಿಸಿದೆ.

ಊಟ ಬಂತು. ಡಬ್ಬಿಗಳು ಹೊಸ್ತಿಲು ದಾಟಿದವು. ಅಮೋಲ್ ಮ್ಯಾಡಂ ಮುಖ ನೋಡಿದ. "ನಿಯಮ ನಿಯಮವೇ," ಎಂದರು ಅವರು, ಬೇಸರದಿಂದ. ಅವನು ಗೆರೆ ಎಳೆದ. ಏಳು. ಕೆಳಗೆ ಮದುವೆಯವರನ್ನೂ ಊಟಕ್ಕೆ ಕರೆದರು. ಸಮಿತಿಯವರು ಮೇಜಿನಲ್ಲೇ ಚಪಾತಿ ತಿಂದರು. ವ್ಯಾಸಂಗದ ಸದಸ್ಯರು ಮಾತ್ರ ಬೆಳಗಿನಿಂದ ನಿದ್ದೆಯಲ್ಲಿದ್ದವರು ಎದ್ದು ಒಂದು ಹಪ್ಪಳ ತಿಂದು, "ಉದ್ದದ ಕೋರ್ಸು," ಎಂದು ಮೆಚ್ಚಿ ಮತ್ತೆ ಮಲಗಿದರು.

ಬೆನ್ನ ಹಿಂದಿನ ಬೆಂಚಿನ ಪಿಸುಮಾತು ಆಗ ನನ್ನ ಕಿವಿಗೆ ಬಿತ್ತು.

"ಬೇಟಾ, ನನಗ ತಿಳೀತು," ಎನ್ನುತ್ತಿದ್ದರು ಕರೀಮಸಾಬರು. "ಮಂಗಳ ಹಾಡಿಲ್ಲ. ಅದಕ್ಕ ಎದ್ದಿಲ್ಲ ಅವರು. ಪಾಪ, ಗುಟುಕು ನೀರೂ ಕುಡದಿಲ್ಲ. ನಾ ಎರಡು ಸಾಲ ಹಾಡಿ ಬಿಡತೀನಿ."

"ಅಬ್ಬಾ, ಚುಪ್," ಎಂದಳು ಮಗಳು. "ಬೋರ್ಡ್ ನೋಡು. ಸಂಜೆ ಚಾಯ್ ಆನೇ ದೋ, ಬರ್ಲಿ."

"ಭಕ್ತ ಮನಶ್ಯಾನ್ನ ಹಿಂಗ ಕೂಡಿಸೋದು ಪಾಪ ಅಲ್ಲೇನವಾ?"

"ಪಾಪ ಇದೆ. ಏಳಕ್ಕೆ ನಿಂತ್ರೆ ಎರಡು ಕಡಿಮೆ. ದುಕಾನ್ ಮಾರ್ತೀಯಾ?"

ಬಟ್ಟೆಯ ಸರಭರ ಕೇಳಿಸಿತು. ಕರೀಮಸಾಬರು ಏಳಲು ಹೋಗಿರಬೇಕು, ಅವಳು ಮಣಿಕಟ್ಟು ಹಿಡಿದು ಕೂರಿಸಿದಳು. ಆಮೇಲೆ ಬಹಳ ಹೊತ್ತು ಆ ಕಡೆಯಿಂದ ಇಬ್ಬರ ಉಸಿರು ಮಾತ್ರ ಕೇಳುತ್ತಿತ್ತು, ಒಂದು ಹಾಡಲು ತುಂಬಿಕೊಂಡದ್ದು, ಇನ್ನೊಂದು ಅದನ್ನು ತಡೆದು ಹಿಡಿದದ್ದು.

ನನಗೆ ಕಾಲು ಜೋಮು ಹಿಡಿದಿತ್ತು. ಆದರೆ ನಡುನೀರಿನಲ್ಲಿ ನಿಂತವಳ ಕಾಲು ಹೇಗಿರಬೇಕು ಎಂದುಕೊಂಡೆ. ಅವಳನ್ನು ಅಲ್ಲೇ ಬಿಟ್ಟು ಎದ್ದರೆ ಇವತ್ತಿನಿಂದ ನನ್ನ ಕಿವಿಯಲ್ಲಿ ನೀರು ನಿಲ್ಲುತ್ತದೆ.

ವಂದನಾ ಮ್ಯಾಡಂ ಗೋಡೆಯ ಬರಹ ನೋಡಿದರು, ಬೆಂಚು ನೋಡಿದರು, ನನ್ನನ್ನು ನೋಡಿದರು. ಅವರು ದಡ್ಡರಲ್ಲ. ಗುರುಬಾಯಿಯನ್ನು ಕರೆಸಿ, "ಇವತ್ತು ಸಂಜೆ ಚಹಾ ಬೇಡ," ಎಂದರು.

"ಹಾಲು ಒಲೀ ಮ್ಯಾಲ ಇಟ್ಟೇನ್ರಿ ಬಾಯಾರ."

"ಇಳಿಸು."

"ಇಳಿಸಿದ ಹಾಲಿಗೆ ಕೆನಿ ಕಟ್ಟತದ, ಹಾಲಿನ ಬಿಲ್ಲಂತೂ ತಪ್ಪೂದಿಲ್ಲ. ಮಾಡೀನಿ ಅಂದ್ರ ತರಬೇಕಲ್ರಿ."

"ತರಬೇಡ. ಹೊರಗೇ ಇರಲಿ."

ಹೀಗಾಗಿ ಸಂಜೆ ಗುರುಬಾಯಿ ಕೆಟಲಿ ಹಿಡಿದು ಹೊಸ್ತಿಲ ಆಚೆ ನಿಂತಳು. ಒಂದು ಹೆಜ್ಜೆ ಇತ್ತ ಹತ್ತು ಲಕ್ಷ, ಅತ್ತ ಏಳು. ಶುಂಠಿಯ ವಾಸನೆ ಮಾತ್ರ ಒಳಗೆ ಬಂತು. ಅಮೋಲ್ ಕೆಂಪು ಪೆನ್ನು ಎತ್ತಿ, "ಮ್ಯಾಡಂ, ವಾಸನೆ ಬಂದಿದೆ," ಎಂದ. "ವಾಸನೆ ಚಹಾ ಅಲ್ಲ," ಎಂದರು ಮ್ಯಾಡಂ. ಪೆನ್ನು ಇಳಿಸಿದ.

ಬಷೀರಾ ಬಾಗಿಲನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ, ಅವಳ ಉಸಿರು ನಿಂತಿತ್ತು. ಕೆಟಲಿ ಒಳಗೆ ಬರದೆ ಕಚೇರಿ ಮುಚ್ಚುವ ಗಂಟೆಯಾದರೆ, ಕೇಳುಗ ಎದ್ದಿರದಿದ್ದರೂ ಮಿತಿ ಏಳಕ್ಕೇ ನಿಲ್ಲುತ್ತದೆ. ಅದೂ ನಿಯಮ.

ಹಣಕಾಸಿನ ಸದಸ್ಯರು ಮೂರು ಸಲ ಕನ್ನಡಕ ಒರೆಸಿದರು. ಹಣೆ ತಿಕ್ಕಿಕೊಂಡರು. "ತಲೆನೋವು," ಎಂದರು. "ವಂದನಾಜಿ, ನಾನು ಆಚೆ ಹೋಗಿ ಒಂದು ಗುಟುಕು..."

"ಓದಿನ ನಡುವೆ ಚಹಾಕ್ಕೆ ಹೊರಗೆ ಹೋಗುವಂತಿಲ್ಲ. ನೀವೇ ಬರೆದ ನಿಯಮ."

"ಫೋನಿಗೆ ಹೋಗಬಹುದಲ್ಲ?"

"ಫೋನ್ ಬಂದಿದೆಯಾ?"

ಅವರು ಫೋನನ್ನು ನೋಡಿದರು. ಅದು ಮೊಂಡಾಗಿ ಸುಮ್ಮನಿತ್ತು. ಇನ್ನೂ ಸ್ವಲ್ಪ ಹೊತ್ತು ಕೂತರು. ಆಮೇಲೆ ಕುರ್ಚಿ ಸರಿಸಿ ಎದ್ದು, ಹೊಸ್ತಿಲವರೆಗೆ ಹೋಗಿ, ಕಾಲು ಒಳಗೇ ಇಟ್ಟು ಕೈ ಮಾತ್ರ ಹೊರಗೆ ಚಾಚಿ, ಗುರುಬಾಯಿಯ ಕೈಯಿಂದ ಕೆಟಲಿಯನ್ನು ತೆಗೆದುಕೊಂಡು ಎದೆಗೆ ಅವುಚಿ ಒಳಗೆ ಬಂದರು. "ಮೂವತ್ತು ವರ್ಷದ ಸರ್ವಿಸು," ಎಂದರು. "ಒಂದು ಸಂಜೆ ತಪ್ಪಿಲ್ಲ."

ಅಮೋಲ್ ಗೆರೆ ಎಳೆದ. ಆ ಗೆರೆಯ ಸದ್ದು ಕೂಡ ನನಗೆ ಕೇಳಿಸಿತು.

ಹಿಂದಿನ ಬೆಂಚಿನಲ್ಲಿ ಬಷೀರಾ ತಂದೆಯ ಕೈ ಬಿಟ್ಟಳು. ಕರೀಮಸಾಬರು ಎದ್ದು ನಿಂತರು. ಊಟದ ಹೊತ್ತಿನಿಂದ ತಡೆದ ದನಿ, ಮೊಹರಮ್ಮಿನ ಧಾಟಿಯಲ್ಲಿ ಹೊರಟಿತು. ಪದ ಅಲ್ಲಿಯೇ ಕಟ್ಟಿದ್ದು.

"ಇಳದಾಕಿ ಮ್ಯಾಲಕ ಬಂದಾಳ ಬರ್ರೀ,
ದಂಡ್ಯಾಗ ನಿಂತವರು ಕೈಯ ಕೊಡ್ರೀ.
ಹೇಳಿದ ಬಾಯಿಗೆ ಕೇಳಿದ ಕಿವಿಗೆ
ಕಾದ ಜೀವಕ್ಕ ಮಂಗಳವಾಗಲಿ."

ನೀರು ಒಡೆಯಿತು. ಬೆಳಕು ಬಂತು. ನಾನು ಕೈಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದೆ. ಕಾಲು ಜೋಮು ಹಿಡಿದದ್ದರಿಂದ ಅಮೋಲ್‌ನ ಹೆಗಲು ಹಿಡಿಯಬೇಕಾಯಿತು. 'ಪೂರ್ತಿ ಕೇಳಿದ್ದೇನೆ' ಎಂದು ಸಹಿ ಹಾಕಿದೆ.

"ಬೆಂಚಿನವರು ಮಾತಾಡುವಂತಿಲ್ಲ ಅಂತ ಇದೆ," ಎಂದರು ವಂದನಾ ಮ್ಯಾಡಂ.

"ಮಾತೆಲ್ಲಿ ಆಡ್ಯಾರ್ರಿ ಬಾಯಾರ," ಎಂದಳು ಬಾಗಿಲಿನಿಂದ ಗುರುಬಾಯಿ, "ಹಾಡ್ಯಾರ."

ಮ್ಯಾಡಂ ಅದನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅಣವೀರಪ್ಪಾಜಿ, ಓದಿದ್ದು ಅರ್ಧ ಪುಟ. ಇಡೀ ದಿನ ನೀವು ಏನು ಕೇಳಿದಿರಿ? ನಿಜ ಹೇಳಿ. ಈ ಹುಡುಗಿಗಾಗಿ ಕೂತಿರಾ?"

"ಇಲ್ಲ ಮ್ಯಾಡಂ. ನಾಲ್ಕನೇ ಘಟಕ ಕೇಳಿದೆ."

"ನಾಲ್ಕನೆಯದು ಕಾಯುವುದು."

"ಹೌದು. ಅದು ಉದ್ದ ಇದೆ."

ಅವರು ಫೈಲು ತೆರೆದು ಆ ಸಾಲನ್ನು ಓದಿದರು. ಪೆನ್ನು ಕೈಯಲ್ಲಿ ತಿರುಗಿತು. ಈ ಓದನ್ನು ಅಸಿಂಧು ಮಾಡಿದರೆ ನಾಳೆ ಬೆಳಿಗ್ಗೆ ಮೊದಲಿನಿಂದ ಕೇಳಬೇಕು ಎಂಬುದು ಅವರ ಮುಖದ ಮೇಲೆ ಸ್ಪಷ್ಟವಾಗಿ ಬಂದು ಹೋಯಿತು. ಹಣಕಾಸಿನ ಸದಸ್ಯರು ಎರಡನೇ ಲೋಟ ಬಗ್ಗಿಸಿಕೊಳ್ಳುತ್ತ, "ಸಹಿ ಹಾಕಿಬಿಡಿ," ಎಂದರು. ವ್ಯಾಸಂಗದ ಸದಸ್ಯರು ಎಚ್ಚರಾಗಿ, ಇಂಥ ಆಳವಾದ ಕೋರ್ಸು ತಾವು ಕೇಳಿಲ್ಲವೆಂದು ಟಿಪ್ಪಣಿ ಬರೆದರು. ಮ್ಯಾಡಂ ಸಹಿ ಹಾಕಿದರು. ಹತ್ತು.

ಗೋರೆಗಾಂವ್ ಸ್ಟೇಷನ್ನಿನವರೆಗೆ ಮೂವರೂ ಕೂಡಿ ನಡೆದೆವು. ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಕರೀಮಸಾಬರು ಎರಡು ಸಲ ಕ್ಷಮೆ ಕೇಳಿದರು.

"ನಿಮ್ಮನ್ನ ಮಧ್ಯಾಹ್ನದಾಗ ಎಬ್ಬಿಸಬಹುದಿತ್ತರಿ. ಇಕಿ ಬಿಡಲಿಲ್ಲ."

"ಅಂಕಲ್," ಎಂದಳು ಬಷೀರಾ, "ಅಬ್ಬಾ ಹಾಡದೇ ಇದ್ರೆ?"

"ಕೂತಿರ್ತಿದ್ದೆ ತಾಯಿ."

"ಕಬ್ ತಕ್?"

"ನಿನಗೆ ಹೇಗೆ ಗೊತ್ತಾಯಿತು," ಎಂದು ಕೇಳಿದೆ, "ತಂದೆಯನ್ನು ತಡೆದು ಹಿಡಿಯಬೇಕು ಅಂತ?"

ಅವಳು ಫೋನು ತೋರಿಸಿದಳು. ಬೆಳಿಗ್ಗೆ ಅವಳು ಕ್ಯಾಪ್ಟನ್‌ಗೆ ಉದ್ದವಾಗಿ ಬರೆದಿದ್ದಳು, ಪಠ್ಯಕ್ರಮ ಸಣ್ಣದು, ಮಿತಿ ಎರಡಕ್ಕೆ ನಿಲ್ಲುತ್ತದೆ, ಏನು ಮಾಡಲಿ ಸರ್ ಎಂದು. ಅದರ ಕೆಳಗೆ ಅವರ ಉತ್ತರ ಒಂದೇ ಮಾತಿನದಿತ್ತು: ಕಾಯು.

ಚರ್ಚ್‌ಗೇಟ್ ಲೋಕಲ್ ಬಂತು. ಕರೀಮಸಾಬರು ಹತ್ತುವ ಮೊದಲು ತೋಳಿನ ಗುಂಡಿ ಬಿಚ್ಚಿ ನನಗೆ ಮಣಿಕಟ್ಟು ತೋರಿಸಿದರು. ನಾಲ್ಕು ಬೆರಳು, ಒಂದು ಹೆಬ್ಬೆರಳು, ಐದೂ ಕೆಂಪಗೆ ಮೂಡಿದ್ದವು.

"ನೋಡ್ರಿ ಅಣ್ಣಾರ," ಎಂದರು, ನೋವನ್ನೂ ಹೆಮ್ಮೆಯನ್ನೂ ಕೂಡಿಸಿ, "ಕೋರ್ಸ್ ಇನ್ನಾ ಸುರು ಆಗಿಲ್ಲ. ಬೆಸುಗಿ ಎಷ್ಟ ಗಟ್ಟಿ ಐತಿ."